ಘಟಿಕೋತ್ಸವ: ಅರ್ಜಿಯಿಂದ ಗೌನು ವಾಪಸ್ ಕೊಡುವವರೆಗೆ

ಘಟಿಕೋತ್ಸವದಲ್ಲಿ ಆಗುವ ತೊಂದರೆಗಳ ಬೇರು ಬಹುಪಾಲು ಒಂದೂವರೆ ಎರಡು ತಿಂಗಳ ಹಿಂದೆ, ಯಾವುದೋ ಸೈಬರ್ ಸೆಂಟರಿನಲ್ಲಿ ಅವಸರದಲ್ಲಿ ಅರ್ಜಿ ತುಂಬಿದ ಆ ಹತ್ತು ನಿಮಿಷದಲ್ಲಿ ಇರುತ್ತದೆ. ಗೌನು, ಟೋಪಿ, ಫೋಟೊಗಳ ಗಡಿಬಿಡಿ ಒಂದು ದಿನದ್ದು. ಪ್ರಮಾಣಪತ್ರದಲ್ಲಿ ಅಚ್ಚಾದ ಹೆಸರು ಮಾತ್ರ ಆಯುಷ್ಯಪೂರ್ತಿ ಜೊತೆಗಿರುತ್ತದೆ. ಹಾಗಾಗಿ ಇಲ್ಲಿ ಅರ್ಜಿಗೇ ಹೆಚ್ಚು ಜಾಗ ಕೊಟ್ಟಿದೆ. ದಾವಣಗೆರೆ, ಚಿತ್ರದುರ್ಗದ ಕಡೆ ಓದಿ ಮುಗಿಸಿದವರನ್ನೂ ಅವರ ಜೊತೆ ಹೊರಟು ನಿಲ್ಲುವ ಮನೆಯವರನ್ನೂ ಮನಸ್ಸಿನಲ್ಲಿಟ್ಟು ಬರೆದದ್ದು.

ನಿಮ್ಮ ಘಟಿಕೋತ್ಸವ ಯಾವ ಊರಲ್ಲಿ?

ದಾವಣಗೆರೆಯಲ್ಲಿ ಓದಿದ ಮಾತ್ರಕ್ಕೆ ಪದವಿ ದಾವಣಗೆರೆಯಲ್ಲೇ ಸಿಗಬೇಕೆಂದಿಲ್ಲ. ಬಿ.ಎ., ಬಿ.ಎಸ್ಸಿ., ಬಿ.ಕಾಂ., ಬಿ.ಎಡ್. ಮತ್ತು ಅವುಗಳ ಮುಂದಿನ ಸ್ನಾತಕೋತ್ತರ ಪದವಿಗಳು ದಾವಣಗೆರೆ ವಿಶ್ವವಿದ್ಯಾನಿಲಯದವು. 2009ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯದಿಂದ ಬೇರೆಯಾದ ಈ ವಿಶ್ವವಿದ್ಯಾನಿಲಯದ ಮುಖ್ಯ ಆವರಣ ತೋಳಹುಣಸೆಯ ಶಿವಗಂಗೋತ್ರಿ. ಚಿತ್ರದುರ್ಗದ ಬಳಿ ಜಿ.ಆರ್. ಹಳ್ಳಿಯ ಜ್ಞಾನಗಂಗೋತ್ರಿ ಅದರ ಸ್ನಾತಕೋತ್ತರ ಕೇಂದ್ರ. ಯು.ಬಿ.ಡಿ.ಟಿ., ಬಿ.ಐ.ಇ.ಟಿ.ಯಂಥ ಎಂಜಿನಿಯರಿಂಗ್ ಕಾಲೇಜಿನವರಿಗೆ ಪದವಿ ಕೊಡುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ವೈದ್ಯಕೀಯ, ದಂತ ವೈದ್ಯಕೀಯ, ನರ್ಸಿಂಗ್ ಓದಿದವರಿಗೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕಾನೂನಿನವರಿಗೆ ಹುಬ್ಬಳ್ಳಿ. ಹಿರಿಯೂರಿನ ತೋಟಗಾರಿಕೆ ಕಾಲೇಜಿನವರಿಗೆ ಶಿವಮೊಗ್ಗ. ಮಾರ್ಕ್ಸ್ ಕಾರ್ಡಿನ ನೆತ್ತಿಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅದರ ಜಾಲತಾಣವನ್ನೇ ನೋಡಬೇಕು. ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಕೊನೇ ದಿನಾಂಕವನ್ನು ನಂಬಿ ಕೂತರೆ ಕೆಟ್ಟಿರಿ.

ಇನ್ನೊಂದು ಗೊಂದಲ ಕಾಲೇಜುಗಳ ‘ಗ್ರಾಜುಯೇಷನ್ ಡೇ’. ಅಲ್ಲೂ ಗೌನಿದೆ, ಟೋಪಿಯಿದೆ, ವೇದಿಕೆಯಿದೆ. ಆದರೆ ಕೈಗೆ ಬರುವುದು ಹೆಚ್ಚಿನ ಸಲ ಕಾಲೇಜಿನ ಅಭಿನಂದನಾ ಪತ್ರ ಅಥವಾ ಬರೀ ಫೋಲ್ಡರ್. ಪದವಿ ಪ್ರದಾನ ಮಾಡುವ ಅಧಿಕಾರ ವಿಶ್ವವಿದ್ಯಾಲಯಕ್ಕೆ ಮಾತ್ರ. ಗ್ರಾಜುಯೇಷನ್ ಡೇ ಆಯಿತು, ಮುಗಿಯಿತು ಎಂದುಕೊಂಡು ಘಟಿಕೋತ್ಸವಕ್ಕೆ ಅರ್ಜಿಯನ್ನೇ ಹಾಕದೆ, ಎರಡು ವರ್ಷದ ಮೇಲೆ ನೌಕರಿಯ ದಾಖಲೆ ಪರಿಶೀಲನೆಯಲ್ಲಿ ತಬ್ಬಿಬ್ಬಾಗುವವರು ಪ್ರತಿ ತಂಡದಲ್ಲೂ ಇರುತ್ತಾರೆ.

ಫಲಿತಾಂಶ ಬಂದ ಕೂಡಲೇ ಸಿಗುವ ತಾತ್ಕಾಲಿಕ ಪದವಿ ಪ್ರಮಾಣಪತ್ರ, ಎಲ್ಲರೂ ಪಿ.ಡಿ.ಸಿ. ಎನ್ನುವುದು, ಮಧ್ಯದ ಏರ್ಪಾಡು. ಘಟಿಕೋತ್ಸವದಲ್ಲಿ ಕೊಡುವುದೇ ಅಂತಿಮ ಪತ್ರ. ವಿದ್ಯಾರ್ಥಿ ಅರ್ಹನಾಗುವ ದಿನದಿಂದ 180 ದಿನಗಳ ಒಳಗೆ ಪದವಿ ಕೊಡಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯು.ಜಿ.ಸಿ.) 2008ರ ನಿಯಮಾವಳಿ ಹೇಳುತ್ತದೆ. ಸಮಾರಂಭ ಮುಂದಕ್ಕೆ ಹೋಗಿ ನಿಮ್ಮ ವಿದೇಶದ ಪ್ರವೇಶವೋ ಕೆಲಸವೋ ತೂಗುಯ್ಯಾಲೆಯಲ್ಲಿದ್ದರೆ, ಮೌಲ್ಯಮಾಪನ ಕುಲಸಚಿವರಿಗೆ ಬರೆಯುವ ಮನವಿಯಲ್ಲಿ ಈ ನಿಯಮವನ್ನು ಹೆಸರಿಸಿ.

ಅರ್ಜಿ: ಹೆಸರಿನ ಕಾಲಂ

ಅಧಿಸೂಚನೆ ಬಂದ ಮೇಲೆ ಅರ್ಜಿ, ಶುಲ್ಕ, ಫೋಟೊ, ಮಾರ್ಕ್ಸ್ ಕಾರ್ಡಿನ ಪ್ರತಿ. ಕ್ರಮ ಇಷ್ಟೇ. ಎಡವುವುದು ಹೆಸರಿನಲ್ಲಿ.

ಇಂಗ್ಲಿಷ್ ಹೆಸರು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಬೇಕು, ಚುಕ್ಕಿ ಸಮೇತ, ಜಾಗ ಬಿಟ್ಟದ್ದೂ ಸಮೇತ. ಇನಿಷಿಯಲ್ ಅಲ್ಲಿ ಹೆಸರಿನ ಮುಂದಿದ್ದರೆ ಇಲ್ಲೂ ಮುಂದೆಯೇ, ಹಿಂದಿದ್ದರೆ ಹಿಂದೆಯೇ. ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದೆ ಎಂದು ಇಲ್ಲೂ ಬಿಡಿಸಿದರೆ ಒಬ್ಬರೇ ಮನುಷ್ಯರಿಗೆ ಮೂರು ದಾಖಲೆಯಲ್ಲಿ ಮೂರು ಹೆಸರಾಗುತ್ತದೆ. ಮದುವೆಯಾದ ಮೇಲೆ ಅರ್ಜಿ ಹಾಕುವ ಹೆಣ್ಣುಮಕ್ಕಳು ಗಂಡನ ಹೆಸರು ಸೇರಿಸುವುದೂ ಇದೇ ಗುಂಪಿನ ತಪ್ಪು.

ಕನ್ನಡದ ಹೆಸರಿನದು ಬೇರೆಯೇ ಕಥೆ. ಅರ್ಜಿ ಕನ್ನಡದಲ್ಲೂ ಹೆಸರು ಕೇಳಿದಾಗ ಬಹಳ ಜನ ಇಂಗ್ಲಿಷ್ ಅಕ್ಷರ ಒತ್ತಿ, ಯಂತ್ರ ತೋರಿಸಿದ ಮೊದಲ ರೂಪವನ್ನೇ ಒಪ್ಪಿಬಿಡುತ್ತಾರೆ. ಯಂತ್ರಕ್ಕೆ ನಮ್ಮ ಸೀಮೆಯ ಹೆಸರುಗಳು ಗೊತ್ತಿಲ್ಲ. ಹಾಲೇಶ್ ಹೋಗಿ ಹಲೇಶ್ ಆಗುತ್ತಾನೆ. ತಿಪ್ಪೇಸ್ವಾಮಿ ಥಿಪ್ಪೇಸ್ವಾಮಿಯಾಗುತ್ತಾನೆ. ಓಬಳೇಶ್ ಒಬಲೇಶ್, ಕೊಟ್ರೇಶ್ ಕೋಟ್ರೇಶ್, ಮಂಜುಳಾ ಮಂಜುಲ. ಕಾರಣ ಸರಳ: ನಾವು ಇಂಗ್ಲಿಷಿನಲ್ಲಿ ಹೆಸರು ಬರೆಯುವಾಗ ಲ‌ಕಾರ ಳ‌ಕಾರಕ್ಕೆ ಒಂದೇ ಅಕ್ಷರ, ಹ್ರಸ್ವ ದೀರ್ಘಕ್ಕೂ ಒಂದೇ ಅಕ್ಷರ. ತಿರುಗಿ ಕನ್ನಡಕ್ಕೆ ತರುವಾಗ ಯಂತ್ರ ಊಹೆ ಮಾಡಲೇಬೇಕು. ಹೆಸರನ್ನು ಮೊದಲು ಕಾಗದದ ಮೇಲೆ ಕೈಯಲ್ಲಿ ಬರೆದುಕೊಳ್ಳಿ, ಆಮೇಲೆ ಪರದೆಯ ಮೇಲೆ ಒಂದೊಂದೇ ಅಕ್ಷರ ಹೊಂದಿಸಿ ನೋಡಿ. ಲ-ಳ, ನ-ಣ, ಶ-ಷ-ಸ, ಎ-ಏ, ಒ-ಓ, ಮಹಾಪ್ರಾಣದ ಹೊಟ್ಟೆ ಸೀಳು: ಕಣ್ಣು ಆಡಿಸಬೇಕಾದ ಜಾಗ ಇವು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಜಾಲತಾಣದ ಅರ್ಜಿಗೆ ತಂದು ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ಯೂನಿಕೋಡ್‌ನಲ್ಲೇ ಟೈಪು ಮಾಡಿ.

ಸಲ್ಲಿಸುವ ಮೊದಲು ಮುದ್ರಿಸಿದ ಪ್ರತಿಯನ್ನು ಮನೆಯಲ್ಲಿ ಇನ್ನೊಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ನಮ್ಮ ಹೆಸರಿನ ತಪ್ಪು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅಚ್ಚಾಗುವ ಮೊದಲು ತಿದ್ದಲು ಒಂದು ಅರ್ಜಿ ಸಾಕಾಗಬಹುದು. ಅಚ್ಚಾದ ಮೇಲಾದರೆ ಮೂಲ ಪತ್ರ ಹಿಂದಿರುಗಿಸಿ, ಶುಲ್ಕ ಕಟ್ಟಿ, ಅಫಿಡವಿಟ್ ಹಿಡಿದು ಓಡಾಡುವ ಕೆಲಸ.

ಅರ್ಜಿಯಲ್ಲಿ ಇನ್ನೊಂದು ಆಯ್ಕೆ ಇರುತ್ತದೆ: ಖುದ್ದಾಗಿ ಹಾಜರೋ, ಗೈರುಹಾಜರಿಯಲ್ಲೋ. ಗೈರುಹಾಜರಿ ಎಂದರೆ ಪದವಿಯ ತೂಕವೇನೂ ಕಮ್ಮಿಯಾಗುವುದಿಲ್ಲ. ಪತ್ರ ಅಂಚೆಯಲ್ಲಿ ಅಥವಾ ಕಾಲೇಜಿನ ಮೂಲಕ ಬರುತ್ತದೆ. ಅಂಚೆಯಾದರೆ ಮುಂದಿನ ಆರು ತಿಂಗಳು ಖಾಲಿ ಮಾಡದ ವಿಳಾಸ ಕೊಡಿ, ಪಿ.ಜಿ. ಕೋಣೆಯದಲ್ಲ. ಇನ್ನು ವೇದಿಕೆಯ ವಿಷಯ: ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಪಿಎಚ್.ಡಿ.ಯವರು, ಚಿನ್ನದ ಪದಕ ಮತ್ತು ರ‍್ಯಾಂಕ್ ಪಡೆದವರು ಮಾತ್ರ ಮೇಲೆ ಹೋಗುತ್ತಾರೆ. ಉಳಿದವರು ಕೂತಲ್ಲೇ ಎದ್ದು ನಿಂತು ಒಟ್ಟಾಗಿ ಪದವಿ ಸ್ವೀಕರಿಸಿ, ಪತ್ರವನ್ನು ಕೌಂಟರಿನಲ್ಲಿ ಪಡೆಯುತ್ತಾರೆ. ಮನೆಯವರಿಗೆ ಇದನ್ನು ಮೊದಲೇ ಹೇಳಿ. ಮೊಳಕಾಲ್ಮುರಿನಿಂದ ನೂರು ಕಿಲೋಮೀಟರಿಗೂ ಮೀರಿ ಪ್ರಯಾಣ ಮಾಡಿ ಬಂದ ಅಜ್ಜಿ, ಮೊಮ್ಮಗಳ ಹೆಸರು ಮೈಕಿನಲ್ಲಿ ಈಗ ಕರೆದಾರು, ಆಗ ಕರೆದಾರು ಎಂದು ಮೂರು ಗಂಟೆ ಕಾಯುವುದು ಬೇಡ.

ಗೌನು, ಹುಡ್, ಟೋಪಿ

ಯಾವ ಉಡುಪು ಎನ್ನುವುದನ್ನು ಆಯಾ ವರ್ಷದ ಸುತ್ತೋಲೆ ಹೇಳುತ್ತದೆ. ಮಧ್ಯಯುಗದ ಯುರೋಪಿನ ಪಾದ್ರಿಗಳ ನಿಲುವಂಗಿ ಚಳಿ ದೇಶದ ವಿಶ್ವವಿದ್ಯಾಲಯಗಳಿಗೆ ಬಂದು, 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟಿದ ಮೇಲೆ ನಮ್ಮ ಬಿಸಿಲಿಗೂ ಇಳಿಯಿತು. ಇದು ಬೇಕೇ ಎಂಬ ಚರ್ಚೆ ಹಳೆಯದು. 2019ರಲ್ಲಿ ಯು.ಜಿ.ಸಿ. ಘಟಿಕೋತ್ಸವದ ಉಡುಪಿಗೆ ಕೈಮಗ್ಗದ ಬಟ್ಟೆ ಬಳಸಿ ಎಂದು ವಿಶ್ವವಿದ್ಯಾಲಯಗಳಿಗೆ ಪತ್ರ ಬರೆಯಿತು. ಈಗ ಹಲವು ಕಡೆ ಬಿಳಿ ಉಡುಪಿನ ಮೇಲೆ ಶಲ್ಯ, ಪೇಟ. ಶಲ್ಯವಾದರೆ ತಲೆನೋವಿಲ್ಲ. ಗೌನಾದರೆ ಮುಂದೆ ಓದಿ.

ಗೌನಿನ ಅಂಚು ಮೀನಖಂಡದ ನಡುವೆ, ನೆಲದಿಂದ ಸುಮಾರು ಒಂದು ಗೇಣು ಮೇಲೆ ನಿಲ್ಲಬೇಕು. ಅದಕ್ಕಿಂತ ಉದ್ದವಾದರೆ ವೇದಿಕೆಯ ಮೆಟ್ಟಿಲಲ್ಲಿ ಕಾಲಿಗೆ ಸಿಕ್ಕುತ್ತದೆ. ಬಾಡಿಗೆಗೆ ತರುವಾಗ ಎದೆಯಳತೆಗಿಂತ ನಿಮ್ಮ ಎತ್ತರ ಹೇಳಿ, ಅಲ್ಲೇ ಹಾಕಿ ನೋಡಿ. ಹಿಂದಿನ ದಿನವೇ ತಂದು ಹ್ಯಾಂಗರಿಗೆ ತೂಗುಹಾಕಿದರೆ ಅರ್ಧ ಸುಕ್ಕು ತಾನೇ ಹೋಗುತ್ತದೆ. ಇಸ್ತ್ರಿ ಬೇಕಾದರೆ ಕಡಿಮೆ ಬಿಸಿಯಲ್ಲಿ, ಮೇಲೆ ತೆಳು ಹತ್ತಿ ಬಟ್ಟೆ ಹಾಸಿ. ಹೆಚ್ಚಿನವು ಪಾಲಿಯೆಸ್ಟರ್, ನೇರ ಬಿಸಿ ತಗುಲಿದರೆ ಹೊಳಪಿನ ಕಲೆ ಬಿದ್ದು ಠೇವಣಿ ಹೋಗುತ್ತದೆ.

ನಿಜವಾಗಿ ಕಾಡುವುದು ಹುಡ್, ಅಂದರೆ ಗೌನಿನ ಮೇಲೆ ಕೊರಳಿಗೆ ಹಾಕಿ ಬೆನ್ನಿಗೆ ಇಳಿಬಿಡುವ ಬಣ್ಣದ ಬಟ್ಟೆ. ಇಡೀ ಭಾರ ಬೆನ್ನ ಕಡೆ ಇರುವುದರಿಂದ ಅದು ಹಿಂದಕ್ಕೆ ಜಾರುತ್ತಾ, ಮುಂದಿನ ಪಟ್ಟಿ ಕುತ್ತಿಗೆಗೆ ಒತ್ತುತ್ತದೆ. ಅದನ್ನು ತಡೆಯಲೆಂದೇ ಮುಂಭಾಗದಲ್ಲಿ ಒಂದು ಪುಟ್ಟ ದಾರದ ಕುಣಿಕೆ ಇರುತ್ತದೆ. ಅದನ್ನು ಅಂಗಿಯ ಗುಂಡಿಗೆ ಸಿಕ್ಕಿಸಬೇಕು. ಅಂಗಿ ತೊಟ್ಟ ಹುಡುಗರಿಗೆ ಇದು ಸಲೀಸು. ಸೀರೆಯುಟ್ಟವರಿಗೆ ಗುಂಡಿಯೇ ಇಲ್ಲ. ಆಗ ಎಲ್ಲರೂ ಮಾಡುವುದು ಸೇಫ್ಟಿ ಪಿನ್ನನ್ನು ಸೆರಗಿಗೇ ಚುಚ್ಚುವುದು. ಮೊಳಕಾಲ್ಮುರು ರೇಷ್ಮೆಯಾದರೆ ಹುಡ್ ಎಳೆದಂತೆಲ್ಲ ಪಿನ್ನಿನ ಸುತ್ತ ಎಳೆ ಜಗ್ಗಿ, ಸಂಜೆಗೆ ಹೆಬ್ಬೆರಳಗಲದ ಸುಕ್ಕು ನಿಂತಿರುತ್ತದೆ. ಆ ಸುಕ್ಕು ಮತ್ತೆ ಹೋಗುವುದಿಲ್ಲ. ಇದಕ್ಕೊಂದು ಸುಲಭ ಉಪಾಯ: ಹಿಂದಿನ ರಾತ್ರಿ ಕುಪ್ಪಸದ ಮುಂಗೊರಳಿನ ಅಂಚಿಗೆ, ನಡುವೆ, ಅದೇ ಬಣ್ಣದ ಒಂದು ಅಂಗಿಗುಂಡಿ ಹೊಲಿದುಬಿಡಿ. ಕುಣಿಕೆ ಅದಕ್ಕೆ ಸಿಕ್ಕಿಸಿ. ಐದು ನಿಮಿಷದ ಕೆಲಸ, ಸೀರೆಗೆ ಒಂದು ತೂತೂ ಇಲ್ಲ. ಪಿನ್ನೇ ಗತಿಯೆಂದಾದರೆ ಭುಜದ ಬಳಿ, ಕುಪ್ಪಸ ಸೇರಿಸಿ, ಒಳಗಡೆ ಮಡಿಸಿದ ಹತ್ತಿ ಚೂರೊಂದನ್ನು ಇಟ್ಟು ಹಾಕಿ. ಬೆನ್ನ ಮೇಲಿನ ಭಾಗದಲ್ಲಿ ಹುಡ್‌ನ ಒಳಬಣ್ಣ ಹೊರಗೆ ಕಾಣುವಂತೆ ತಿರುಗಿಸಬೇಕು. ನಿಕಾಯದ, ಅಂದರೆ ಕಲೆ, ವಿಜ್ಞಾನ, ವಾಣಿಜ್ಯದಂಥ ವಿಭಾಗದ, ಗುರುತು ಆ ಬಣ್ಣವೇ. ಇದನ್ನು ತಾನೇ ಮಾಡಿಕೊಳ್ಳಲಾಗದು, ಪಕ್ಕದವರ ಬೆನ್ನು ನೀವು ನೋಡಿ, ನಿಮ್ಮದನ್ನು ಅವರು ನೋಡಲಿ.

ಚೌಕ ಟೋಪಿ ಹಣೆಯ ಮೇಲೆ ಸಮತಲವಾಗಿ ಕೂರಬೇಕು, ಹುಬ್ಬಿನಿಂದ ಎರಡು ಬೆರಳು ಮೇಲೆ, ಒಂದು ಮೂಲೆ ಮುಂದಕ್ಕೆ. ಹಿಂದಕ್ಕೆ ಜಾರಿಸಿ ಹಾಕಿದರೆ ಫೋಟೊದಲ್ಲಿ ಬುಟ್ಟಿ ಹೊತ್ತಂತೆ ಕಾಣುತ್ತದೆ. ನೆತ್ತಿಯ ಮೇಲೆ ತುರುಬು ಕಟ್ಟಿದರೆ ಟೋಪಿ ಕೂರುವುದೇ ಇಲ್ಲ, ಜಡೆ ಅಥವಾ ಕುತ್ತಿಗೆಯ ಹತ್ತಿರದ ತುರುಬು ಸರಿ. ಮಲ್ಲಿಗೆ ಮುಡಿಯುವುದಿದ್ದರೆ ಟೋಪಿಯ ಅಂಚಿಗಿಂತ ಕೆಳಗೆ. ಗೊಂಡೆ ಬಲದಿಂದ ಎಡಕ್ಕೆ ಸರಿಸುವುದು ಅಮೆರಿಕದ ರೂಢಿ. ಟೋಪಿ ತೂರುವುದೂ ಅಲ್ಲಿಯದೇ. 1912ರಲ್ಲಿ ಅಲ್ಲಿನ ನೌಕಾ ಅಕಾಡೆಮಿಯ ಹುಡುಗರು, ಹೊಸ ಅಧಿಕಾರಿ ಟೋಪಿ ಸಿಕ್ಕ ಮೇಲೆ ಹಳೆಯದು ಬೇಡವೆಂದು ಎಸೆದರು ಎನ್ನುತ್ತಾರೆ. ನಿಮ್ಮದು ಬಾಡಿಗೆಯದು, ಒಳಗೆ ಗಟ್ಟಿ ರಟ್ಟಿದೆ, ಮೂಲೆ ಕಣ್ಣಿಗೆ ತಾಗಿದರೆ ಆಸ್ಪತ್ರೆಯೇ. ಫೋಟೊಗೆ ಬೇಕೇ ಬೇಕಾದರೆ ಕೈಯಲ್ಲಿ ಎತ್ತಿ ಹಿಡಿಯಿರಿ, ಸಾಕು.

ಆ ಬೆಳಗ್ಗೆ

ತಾಲೀಮು ಹಿಂದಿನ ದಿನವಿದ್ದರೆ ತಪ್ಪಿಸಬೇಡಿ. ಪದಕದವರಿಗೆ ಅದು ಕಡ್ಡಾಯವೆಂದೇ ತಿಳಿಯಿರಿ. ಚಿತ್ರದುರ್ಗದಿಂದ ದಾವಣಗೆರೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ರೈಲಿನ ದಾರಿ ಚಿಕ್ಕಜಾಜೂರು ಸುತ್ತಿ ಹೋಗುವುದರಿಂದ ಬಸ್ಸೇ ವಾಸಿ. ಮೊಳಕಾಲ್ಮುರು, ಹೊಸದುರ್ಗದ ಕಡೆಯವರು ಹಿಂದಿನ ರಾತ್ರಿಯೇ ಬಂದು ಉಳಿಯುವುದು ಒಳ್ಳೆಯದು. ರಾಜ್ಯದ ವಿಶ್ವವಿದ್ಯಾಲಯಗಳಿಗೆ ರಾಜ್ಯಪಾಲರೇ ಕುಲಾಧಿಪತಿಗಳು. ಅವರು ಬರುವ ದಿನ ಪೊಲೀಸ್ ಬಂದೋಬಸ್ತು ಬಿಗಿ. ಚೀಲ, ನೀರಿನ ಬಾಟಲಿ, ಹೂವಿನ ಹಾರ, ಕೆಲವೊಮ್ಮೆ ಮೊಬೈಲು ಕೂಡ ಬಾಗಿಲಲ್ಲೇ ಉಳಿಯುತ್ತವೆ. ಪ್ರವೇಶಪತ್ರದಲ್ಲಿ ಬರೆದ ಸಮಯಕ್ಕಿಂತ ಒಂದು ಗಂಟೆ ಮುಂಚೆ ಅಲ್ಲಿರಿ. ಮೆರವಣಿಗೆ ಶುರುವಾದ ಮೇಲೆ ಬಾಗಿಲು ಹಾಕುತ್ತಾರೆ, ನಡುವೆ ಶೌಚಕ್ಕೆ ಏಳುವುದೂ ಕಷ್ಟ.

ತಿಂಡಿ ಗಟ್ಟಿಯಾಗಿ ತಿನ್ನಿ. ಬೆಣ್ಣೆದೋಸೆಯೇ ಆಗಲಿ, ಆದರೆ ಗೌನು ಹಾಕುವ ಮೊದಲು; ಕಪ್ಪು ಪಾಲಿಯೆಸ್ಟರಿನ ಮೇಲೆ ಬೆಣ್ಣೆಯ ಕಲೆ ಮುಂದಿನ ಸಾಲಿನವರೆಗೂ ಹೊಳೆಯುತ್ತದೆ.

ಮನೆಯವರಿಗೆ ಪಾಸು ಎರಡೋ ಮೂರೋ ಸಿಗುತ್ತವೆ. ಪಾಸಿಲ್ಲದವರು ಕೂರಲು ಹೊರಗೆ ಪರದೆಯ ಏರ್ಪಾಡು ಇದೆಯೇ ಎಂದು ಮೊದಲೇ ವಿಚಾರಿಸಿ. ಇಲ್ಲವಾದರೆ ವಯಸ್ಸಾದವರನ್ನು ಬಿಸಿಲಲ್ಲಿ ನಿಲ್ಲಿಸುವುದಕ್ಕಿಂತ, ಮಧ್ಯಾಹ್ನ ಫೋಟೊ ಹೊತ್ತಿಗೆ ಬರಹೇಳಿ.

ಒಳಗೆ ನಡೆಯುವುದು

ಕ್ರಮ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಮೆರವಣಿಗೆಯ ಮುಂದೆ ಸಾಮಾನ್ಯವಾಗಿ ಕುಲಸಚಿವರು, ಹಿಂದೆ ವಿದ್ಯಾವಿಷಯಕ ಪರಿಷತ್ತು ಮತ್ತು ಸಿಂಡಿಕೇಟಿನ ಸದಸ್ಯರು, ನಿಕಾಯಗಳ ಡೀನರು, ಆಮೇಲೆ ಮುಖ್ಯ ಅತಿಥಿ, ಕುಲಪತಿ, ಸಮಕುಲಾಧಿಪತಿಗಳಾದ ಸಚಿವರು, ಕೊನೆಗೆ ಕುಲಾಧಿಪತಿ. ಇವರು ಬರುವಾಗ ಎದ್ದು ನಿಲ್ಲಬೇಕು, ಕುಲಾಧಿಪತಿ ಕೂತ ಮೇಲೆ ಕೂರಬೇಕು. ರಾಷ್ಟ್ರಗೀತೆ, ನಾಡಗೀತೆ, ಕುಲಪತಿಗಳ ವರದಿ, ಗೌರವ ಡಾಕ್ಟರೇಟ್.

ನಂತರ ಡೀನರು ಒಬ್ಬೊಬ್ಬರಾಗಿ ಎದ್ದು ತಮ್ಮ ನಿಕಾಯದ ಅಭ್ಯರ್ಥಿಗಳು ಪರೀಕ್ಷೆಗೊಳಪಟ್ಟು ಅರ್ಹರೆಂದು ಕಂಡುಬಂದಿದ್ದಾರೆ, ಪದವಿ ಪ್ರದಾನ ಮಾಡಬೇಕು ಎಂದು ಕೋರುತ್ತಾರೆ. ಆಗ ಆ ನಿಕಾಯದವರೆಲ್ಲ ಎದ್ದು ನಿಲ್ಲಬೇಕು. ಪೀಠದಿಂದ ಪ್ರದಾನದ ವಾಕ್ಯ ಬರುತ್ತದೆ. ಇಡೀ ಸಮಾರಂಭದ ತಿರುಳು ಆ ಅರ್ಧ ನಿಮಿಷ. ಬಹಳ ಮಂದಿ ಆ ಹೊತ್ತಿನಲ್ಲೇ ಸೆಲ್ಫಿ ತೆಗೆಯುತ್ತಾ ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಕೆಲವೆಡೆ ಪ್ರತಿಜ್ಞೆಯೂ, ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಗುರು ಮನೆಗೆ ಹೊರಟ ಶಿಷ್ಯನಿಗೆ ಹೇಳುವ ‘ಸತ್ಯಂ ವದ, ಧರ್ಮಂ ಚರ’ ಎಂಬ ಮಾತುಗಳೂ ಇರುತ್ತವೆ.

ಘಟಿಕೋತ್ಸವ ಎಂಬ ಹೆಸರೇ ನಮ್ಮ ನೆರೆಯ ಮಣ್ಣನ್ನು ನೆನಪಿಸುತ್ತದೆ. ಘಟಿಕೆ ಎಂದರೆ ಹಿಂದಿನ ಕಾಲದ ಉನ್ನತ ವಿದ್ಯಾಕೇಂದ್ರ. ಕದಂಬರ ಮಯೂರಶರ್ಮ ಓದಲೆಂದು ಕಂಚಿಯ ಘಟಿಕೆಗೆ ಹೋದದ್ದನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನ ಹೇಳುತ್ತದೆ. ಅದೇ ಮಯೂರಶರ್ಮ ಕೆರೆ ಕಟ್ಟಿಸಿದ ಪ್ರಾಕೃತ ಶಾಸನ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿದೆ. ಕಂಚಿಯಲ್ಲಿ ಪಲ್ಲವರ ಕುದುರೆ ಸವಾರರೊಡನೆ ಜಗಳವಾಗಿ ಅವನ ಓದು ಅರ್ಧಕ್ಕೇ ನಿಂತಿತು. ಪದವಿ ಮುಗಿಸದೆ ರಾಜನಾದವನು ಅವನು.

ವೇದಿಕೆಗೆ ಹೋಗುವವರಿಗೆ

ಹೆಸರು ಕರೆದಾಗ ಹೊರಡುವುದಲ್ಲ. ಮುಂದಿನವರು ಮೆಟ್ಟಿಲು ಹತ್ತಿದಾಗ ನೀವು ಮೆಟ್ಟಿಲ ಬುಡದಲ್ಲಿರಬೇಕು. ಪದಕ ಹಾಕುವಾಗ ತಲೆ ಬಗ್ಗಿಸಿದರೆ ಟೋಪಿ ಮುಂದಕ್ಕೆ ಬೀಳುತ್ತದೆ, ಆದ್ದರಿಂದ ಸೊಂಟದಿಂದ ತುಸು ಬಾಗಿ, ಎಡಗೈಯಲ್ಲಿ ಟೋಪಿ ಹಿಡಿದುಕೊಳ್ಳಿ. ಫೋಲ್ಡರನ್ನು ಎದೆಯ ಮಟ್ಟಕ್ಕೆ ಹಿಡಿದು, ಕ್ಯಾಮೆರಾದ ಕಡೆ ತಿರುಗಿ, ಮನಸ್ಸಿನಲ್ಲಿ ಒಂದು, ಎರಡು ಎಣಿಸಿ ಹೊರಡಿ. ಎಣಿಸದವರ ಫೋಟೊದಲ್ಲಿ ಬರೀ ಕಿವಿ ಇರುತ್ತದೆ.

ಕಾಲು ಮುಟ್ಟಿ ನಮಸ್ಕರಿಸಬೇಡಿ ಎಂದು ತಾಲೀಮಿನಲ್ಲಿ ಹೇಳಿದರೆ ಬೇಸರ ಬೇಡ, ಅದು ಬರೀ ಲೆಕ್ಕ. 80 ಜನ, ತಲೆಗೆ 15 ಸೆಕೆಂಡಿನಂತೆ 20 ನಿಮಿಷ. ಒಬ್ಬೊಬ್ಬರು 6 ಸೆಕೆಂಡು ಹೆಚ್ಚು ತೆಗೆದುಕೊಂಡರೂ 8 ನಿಮಿಷ ಉದ್ದವಾಗುತ್ತದೆ. ನಿಂತಲ್ಲೇ ಕೈಮುಗಿದರೆ ಸಾಕು.

ಏರ್ಪಾಡು ಮಾಡುವ ಅಧ್ಯಾಪಕರಿಗೆ ಒಂದು ಮಾತು. ಅತಿ ಹೆಚ್ಚು ಎಡವಟ್ಟಾಗುವುದು ಒಬ್ಬರು ಗೈರಾದಾಗ. ಪಟ್ಟಿ ಓದುವವರು ಆ ಹೆಸರು ಬಿಟ್ಟು ಮುಂದಕ್ಕೆ ಹೋಗುತ್ತಾರೆ, ಫೋಲ್ಡರ್ ಕೊಡುವವರಿಗೆ ಅದು ಗೊತ್ತಿರುವುದಿಲ್ಲ. ಅಲ್ಲಿಂದಾಚೆ ಎಲ್ಲರಿಗೂ ಪಟ್ಟಿಯಲ್ಲಿ ತಮಗಿಂತ ಮೊದಲಿದ್ದವರ ಪತ್ರವೇ. ಪಟ್ಟಿಯನ್ನೇ ನಂಬಬೇಡಿ. ಪ್ರತಿ ಅಭ್ಯರ್ಥಿಯ ಕೈಗೆ ಕ್ರಮಸಂಖ್ಯೆ, ಹೆಸರು ಬರೆದ ಚೀಟಿ ಕೊಡಿ. ಹೆಸರು ಹೇಗೆ ಉಚ್ಚರಿಸಬೇಕೆಂಬುದೂ ಅದರಲ್ಲೇ ಇರಲಿ. ಮೆಟ್ಟಿಲ ಬುಡದಲ್ಲಿ ಒಬ್ಬರು ಚೀಟಿ ನೋಡಿ ಸಾಲು ಸರಿಪಡಿಸಲಿ, ಓದುವವರು ಚೀಟಿ ಪಡೆದು ಓದಲಿ, ಓದಿದ ಚೀಟಿ ಫೋಲ್ಡರಿನವರ ಕೈಗೆ ಹೋಗಲಿ. ಗೈರಾದವರ ಫೋಲ್ಡರನ್ನು ತೆಗೆದಿಡದೆ ಅದೇ ರಾಶಿಯಲ್ಲಿ ಅಡ್ಡಡ್ಡ ಇಟ್ಟರೆ ಲೆಕ್ಕ ತಪ್ಪುವುದಿಲ್ಲ.

ಕೊನೆಗೆ ಘಟಿಕೋತ್ಸವ ಭಾಷಣ, ರಾಷ್ಟ್ರಗೀತೆ, ಮೆರವಣಿಗೆ ಹೊರಡುವುದು. ಅದರ ಕೊನೆಯವರು ಬಾಗಿಲು ದಾಟುವವರೆಗೆ ನಿಂತೇ ಇರಿ.

ಮುಗಿದ ಮೇಲೆ

ಪತ್ರ ಕೈಗೆ ಬಂದ ಕೂಡಲೇ, ಕೌಂಟರ್ ಬಿಡುವ ಮೊದಲು ನೋಡಬೇಕಾದದ್ದು: ಎರಡೂ ಭಾಷೆಯಲ್ಲಿ ಹೆಸರು, ನೋಂದಣಿ ಸಂಖ್ಯೆ, ಪದವಿ ಮತ್ತು ವಿಷಯ, ತೇರ್ಗಡೆಯಾದ ವರ್ಷ, ದರ್ಜೆ, ಸಹಿ, ಮುದ್ರೆ. ತಪ್ಪಿದ್ದರೆ ಅಲ್ಲೇ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಫೋಟೊವನ್ನು ಆವರಣದಲ್ಲಿ, ಮರದ ನೆರಳಲ್ಲಿ ತೆಗೆಸಿ. ಸುಡುಬಿಸಿಲಲ್ಲಿ ಕಪ್ಪು ಗೌನಿಗೆ ಬೆಳಕು ಹೊಂದಿಸಹೋದರೆ ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ. ಗಾಜಿನ ಮನೆಗೋ ಕುಂದವಾಡ ಕೆರೆಗೋ ಹೋಗುವ ಆಸೆಯಿದ್ದರೆ ಗೌನು ಎಷ್ಟು ಗಂಟೆಗೆ ವಾಪಸಾಗಬೇಕೆಂದು ರಸೀದಿ ನೋಡಿಕೊಂಡು ಹೊರಡಿ. ಟೋಪಿ, ಹುಡ್, ಗೌನು ಮೂರೂ ಎಣಿಸಿ ಕೊಟ್ಟು ಠೇವಣಿ ಪಡೆಯಿರಿ. ಮಂಡಕ್ಕಿ-ಮೆಣಸಿನಕಾಯಿ ಅದಾದ ಮೇಲೆ.

ಮನೆಗೆ ಹೋದ ಮೇಲೆ ಯಾರೋ ಹಿರಿಯರು ‘ಲ್ಯಾಮಿನೇಷನ್ ಮಾಡಿಸಪ್ಪ, ಹಾಳಾಗಬಾರದು’ ಎನ್ನುತ್ತಾರೆ. ಮಾಡಿಸಬೇಡಿ. ಮುಂದೆ ಹೊರದೇಶಕ್ಕೆಂದು ದೃಢೀಕರಣ ಮಾಡಿಸುವಾಗ ಮೂಲ ಪತ್ರದ ಹಿಂಬದಿ ಮುದ್ರೆ ಒತ್ತಬೇಕಾಗುತ್ತದೆ, ಪ್ಲಾಸ್ಟಿಕ್ಕಿನ ಮೇಲೆ ಅದು ನಿಲ್ಲುವುದಿಲ್ಲ. ಬಿಸಿಗೆ ಅಂಟಿದ ಹಾಳೆ ಬಿಡಿಸಲು ಹೋದರೆ ಅಕ್ಷರವೇ ಕಿತ್ತು ಬರುತ್ತದೆ. ಮಡಿಸದೆ, ಸುರುಳಿ ಸುತ್ತದೆ, ಪತ್ರಕ್ಕಿಂತ ಒಂದು ಬೆರಳು ದೊಡ್ಡದಾದ ಪ್ಲಾಸ್ಟಿಕ್ ಹಾಳೆಯೊಳಗೆ, ಹಿಂದೆ ಒಂದು ರಟ್ಟು ಕೊಟ್ಟು ಇಡಿ. ಕೆಲವು ವಾರ ಬಿಟ್ಟು ಡಿಜಿಲಾಕರ್‌ನಲ್ಲೂ ಪದವಿ ಬಂದಿದೆಯೇ ನೋಡಿ. ಅಲ್ಲಿನ ಹೆಸರು ಕಾಗದದಲ್ಲಿ ಇದ್ದಂತೆಯೇ ಇದೆಯೇ ಎಂದು ಮತ್ತೊಮ್ಮೆ ಅಕ್ಷರ ಅಕ್ಷರ ಹೊಂದಿಸಿ.